ಮೌಲೂದ್‌ಗೆ ಕರೆದಿದ್ದಾರೆ, ಉಡುಗೊರೆಯಾಗಿ ಏನು ಒಯ್ಯಬೇಕು?

ಶುಕ್ರವಾರದ ರಾತ್ರಿಯೆಂದು ಸಹೋದ್ಯೋಗಿ ಕರೆದಿರುವ ಮೌಲೂದ್‌ಗೆ, ಅಂದರೆ ಪ್ರವಾದಿ ಮುಹಮ್ಮದರನ್ನು ಕೊಂಡಾಡುವ ಓದಿನ ಕೂಟಕ್ಕೆ, ಬರಿಗೈಯಲ್ಲಿ ಹೋಗುವುದು ಹೇಗೆ ಎಂಬುದು ನಿಮ್ಮ ಚಿಂತೆ. ಅದೇ ಚಿಂತೆಯಲ್ಲಿ ಮುಳುಗಿ, ಕೇಳಲೇಬೇಕಾದುದನ್ನು ಕೇಳದೆ ಕೆಟ್ಟವನು ನಾನು.

ಉಡುಪಿಯಿಂದ ಬಂದು ಮಂಗಳೂರಿನ ಬಂದರಿನ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದ ಕಾಲವದು. ನಮಗೆ ಸರಕು ಒದಗಿಸುತ್ತಿದ್ದ ಉಳ್ಳಾಲದ ಹಾಜಿಯವರು ಪ್ರವಾದಿಯವರು ಹುಟ್ಟಿದ ರಬೀವುಲ್ ಅವ್ವಲ್ ತಿಂಗಳಲ್ಲಿ ಒಮ್ಮೆ, "ಶುಕ್ರವಾರದ ರಾತ್ರಿ ಮನೆಯಲ್ಲಿ ಮೌಲೂದ್, ಇಶಾ ನಮಾಝ್ ಕಳೆದ ಮೇಲೆ ಬನ್ನಿ" ಎಂದರು. ಇಶಾ ಎಂದರೆ ರಾತ್ರಿಯ ನಮಾಝ್. ಶುಕ್ರವಾರ ಸಂಜೆ ಸಿಹಿತಿಂಡಿ ಕಟ್ಟಿಸಿಕೊಂಡು, ನೇತ್ರಾವತಿ ಸೇತುವೆ ದಾಟಿ ಹೋದರೆ ಜಗಲಿಯಲ್ಲಿ ಸುತ್ತಿಟ್ಟ ಚಾಪೆಗಳಷ್ಟೇ ಇದ್ದವು. ಕಾರ್ಯಕ್ರಮ ಹಿಂದಿನ ರಾತ್ರಿಯೇ ಮುಗಿದಿತ್ತು.

ತಪ್ಪು ನನ್ನ ಲೆಕ್ಕದಲ್ಲಿತ್ತು. ಪಂಚಾಂಗ ನೋಡಿ ಬೆಳೆದ ನನಗೆ ದಿನವೆಂದರೆ ಸೂರ್ಯೋದಯದಿಂದ ಸೂರ್ಯೋದಯದವರೆಗೆ. ಮುಸ್ಲಿಮರ ಚಾಂದ್ರಮಾನ ಪಂಚಾಂಗವಾದ ಹಿಜರಿಯ ಲೆಕ್ಕದಲ್ಲಿ ದಿನ ಹುಟ್ಟುವುದು ಸೂರ್ಯಾಸ್ತಕ್ಕೆ. ಮೊದಲು ಇರುಳು, ಆಮೇಲೆ ಹಗಲು. ಆದ್ದರಿಂದ ಹಾಜಿಯವರ ಶುಕ್ರವಾರದ ರಾತ್ರಿ ನನ್ನ ಪಾಲಿಗೆ ಗುರುವಾರದ ರಾತ್ರಿ. ರಬೀವುಲ್ ಅವ್ವಲ್ 12ರ ಮೀಲಾದ್‌ನ, ಅಂದರೆ ಪ್ರವಾದಿಯವರ ಜನ್ಮದಿನದ, ಇರುಳೂ ಹಾಗೆಯೇ, 11ರ ಹಗಲು ಮುಳುಗಿದೊಡನೆ ಆರಂಭವಾಗುತ್ತದೆ. ಹಿಜರಿ ವರ್ಷಕ್ಕೆ 354 ಅಥವಾ 355 ದಿನಗಳಾದುದರಿಂದ ಹಬ್ಬಗಳು ಪ್ರತಿವರ್ಷ ಸುಮಾರು 11 ದಿನ ಹಿಂದೆ ಸರಿಯುತ್ತವೆಂದು ನನಗೆ ತಿಳಿದಿತ್ತು. ಅಷ್ಟು ತಿಳಿದದ್ದೇ ಮುಳುವಾಯಿತು, ಉಳಿದುದನ್ನು ಕೇಳುವ ಅಗತ್ಯವೇ ಕಾಣಲಿಲ್ಲ.

ಉಡುಗೊರೆಯ ವಿಚಾರವನ್ನು ಬಿಟ್ಟುಬಿಡಿ. ಇದು ಕೇಕ್ ಕತ್ತರಿಸುವ ಹುಟ್ಟುಹಬ್ಬವಲ್ಲ. ಪ್ರವಾದಿಯವರ ಜನನ ಮತ್ತು ಗುಣಗಳನ್ನು ಕೊಂಡಾಡುವ ಅರಬಿ ಗದ್ಯಪದ್ಯಗಳನ್ನು ಎಲ್ಲರೂ ಸೇರಿ ಓದುತ್ತಾರೆ. ಕರಾವಳಿಯಲ್ಲಿ ಹೆಚ್ಚಾಗಿ ಕೇಳಿಬರುವುದು ಮನ್ಕೂಸ್ ಮೌಲೂದ್ ಎಂಬ ಕೃತಿ. ನಡುವೆ ಎಲ್ಲರೂ ಎದ್ದು ನಿಂತಾಗ ನೀವೂ ಎದ್ದು ನಿಂತರೆ ಅಂದವಾಗಿರುತ್ತದೆ. ಕೊನೆಗೆ ದುಆ (ಪ್ರಾರ್ಥನೆ), ಬಳಿಕ ಊಟ. ಉಂಡು ಬರುವುದೇ ಆತಿಥೇಯರಿಗೆ ನೀವು ಸಲ್ಲಿಸುವ ಗೌರವ. (ಎಲ್ಲ ಮುಸ್ಲಿಮರೂ ಮೌಲೂದ್ ನಡೆಸುವುದಿಲ್ಲ, ಸಲಫಿ ಪಂಥದವರು ಇದನ್ನು ಒಪ್ಪುವುದಿಲ್ಲ. ಆ ಚರ್ಚೆಯನ್ನು ಊಟದ ಹರಿವಾಣದ ಮುಂದೆ ಎತ್ತಬೇಡಿ.)

ಹಾಜಿಯವರು ಅಂದು ನನ್ನನ್ನು ಹಾಗೆಯೇ ಕಳುಹಿಸಲಿಲ್ಲ; ಉಳಿದಿದ್ದ ತುಪ್ಪದನ್ನವನ್ನು ಬಿಸಿಮಾಡಿಸಿ ಬಡಿಸಿದರು, ನಾನು ಒಯ್ದಿದ್ದ ಸಿಹಿಯನ್ನು ಮೊಮ್ಮಕ್ಕಳಿಗೆ ಹಂಚಿದರು. ನೀವು ಮಾತ್ರ ನಾಳೆಯೇ ಸಹೋದ್ಯೋಗಿಯ ಬಳಿ, ಶುಕ್ರವಾರದ ರಾತ್ರಿಯೆಂದರೆ ಗುರುವಾರ ಕೆಲಸ ಮುಗಿಸಿ ಬರಬೇಕೋ, ಶುಕ್ರವಾರ ಮುಗಿಸಿ ಬರಬೇಕೋ ಎಂದು ಬಾಯಿಬಿಟ್ಟು ಕೇಳಿಕೊಳ್ಳಿ.