ಎಚ್‌ಡಿ ಟಿವಿ ಕಾರ್ಯಕ್ರಮವನ್ನು ಡಿಸ್ಕ್‌ಗೆ ಇಳಿಸಿಕೊಳ್ಳುವುದು ಹೇಗೆ?

ಪ್ರಶ್ನೆ: ನನ್ನ ಮಗಳು ಕನ್ನಡ ವಾಹಿನಿಯೊಂದರ ಹಾಡಿನ ಸ್ಪರ್ಧೆಗೆ ಆಯ್ಕೆಯಾಗಿದ್ದಾಳೆ. ಆ ಕಂತುಗಳನ್ನು ಎಚ್‌ಡಿ ಗುಣಮಟ್ಟದಲ್ಲೇ ರೆಕಾರ್ಡ್ ಮಾಡಿ ಡಿಸ್ಕ್‌ನಲ್ಲಿ ಇಟ್ಟುಕೊಳ್ಳಬೇಕು, ಹಳ್ಳಿಯಲ್ಲಿರುವ ಅತ್ತೆಯವರಿಗೂ ಒಂದು ಪ್ರತಿ ಕಳಿಸಬೇಕು. ಡಿಟಿಎಚ್ ಬಾಕ್ಸ್‌ಗೆ ಹಾರ್ಡ್‌ಡಿಸ್ಕ್ ಹಾಕಿ ಪರೀಕ್ಷೆಗೆಂದು ಒಂದು ಧಾರಾವಾಹಿ ರೆಕಾರ್ಡ್ ಮಾಡಿದೆ. ಟಿವಿಯಲ್ಲಿ ಚೆನ್ನಾಗಿ ಬರುತ್ತದೆ, ಕಂಪ್ಯೂಟರ್‌ನಲ್ಲಿ ಫೈಲ್ ತೆರೆಯುವುದೇ ಇಲ್ಲ. ಫೈಲ್ ಕೆಟ್ಟಿದೆಯೇ?
— ಓದುಗರು, ಶಿವಮೊಗ್ಗ

ಉತ್ತರ: ಕೆಟ್ಟಿಲ್ಲ, ಅದಕ್ಕೆ ಬೀಗ ಬಿದ್ದಿದೆ. ಡಿಟಿಎಚ್ ಬಾಕ್ಸ್ ರೆಕಾರ್ಡ್ ಮಾಡುವಾಗ ಫೈಲನ್ನು ಗೂಢಲಿಪಿಗೆ ತಿರುಗಿಸಿ ಬರೆಯುತ್ತದೆ. ಅದನ್ನು ಬಿಡಿಸುವ ಕೀಲಿ ಆ ಒಂದು ಬಾಕ್ಸ್‌ನ ಒಳಗೇ ಇರುತ್ತದೆ. ಪಕ್ಕದ ಮನೆಯ ಅದೇ ಕಂಪನಿಯ ಬಾಕ್ಸ್‌ಗೆ ಹಾಕಿದರೂ ಓಡದು. ನಾಳೆ ನಿಮ್ಮ ಬಾಕ್ಸ್ ಕೆಟ್ಟು ಬೇರೆಯದು ಬಂದರೆ ಹಳೆಯ ರೆಕಾರ್ಡಿಂಗ್‌ಗಳ ಆಸೆ ಬಿಡಬೇಕಾಗುತ್ತದೆ. ಹಾಗಾಗಿ ಬಾಕ್ಸ್‌ನ ರೆಕಾರ್ಡಿಂಗ್ ಇರುವುದು ತಪ್ಪಿಹೋದ ಕಂತನ್ನು ರಾತ್ರಿ ನೋಡಿಕೊಳ್ಳುವುದಕ್ಕೆ. ಮಗಳ ಹಾಡನ್ನು ಹತ್ತಾರು ವರ್ಷ ಕಾಪಾಡಲು ಅದನ್ನು ನಂಬಬೇಡಿ.

ಡಿಸ್ಕ್‌ಗೆ ಬರೆಯುವುದು ಈ ಕೆಲಸದಲ್ಲಿ ಸುಲಭದ ಭಾಗ. ಕಷ್ಟವಿರುವುದು ಬಾಕ್ಸ್‌ನಿಂದ ಚಿತ್ರವನ್ನು ಹೊರಗೆ ತರುವುದರಲ್ಲಿ. ಎಚ್‌ಡಿಎಂಐ ಕೇಬಲ್ಲನ್ನು ಟಿವಿಯ ಬದಲು ಚಿತ್ರವನ್ನು ಹಿಡಿದು ಕಂಪ್ಯೂಟರ್‌ಗೆ ಇಳಿಸುವ ಒಂದು ಕ್ಯಾಪ್ಚರ್ ಕಾರ್ಡ್‌ಗೆ ಕೊಟ್ಟರೆ ಆಯಿತಲ್ಲ ಎಂದು ಯಾರಿಗಾದರೂ ತೋಚುತ್ತದೆ. ಆನ್‌ಲೈನ್ ಅಂಗಡಿಗಳಲ್ಲಿ ಸಾವಿರ ರೂಪಾಯಿ ಆಸುಪಾಸಿಗೆ ಪೆನ್‌ಡ್ರೈವ್ ಗಾತ್ರದ ಕಾರ್ಡ್‌ಗಳು ರಾಶಿ ಬಿದ್ದಿವೆ. ಕೊಳ್ಳುವ ಮುನ್ನ ಒಂದು ಮಾತು: ಎಚ್‌ಡಿಎಂಐ ದಾರಿಯಲ್ಲಿ ಎಚ್‌ಡಿಸಿಪಿ ಎಂಬ ಕಾವಲಿದೆ. ಕೇಬಲ್ಲಿನ ಆ ತುದಿಯಲ್ಲಿರುವುದು ಅಧಿಕೃತ ಟಿವಿಯೇ ಎಂದು ಬಾಕ್ಸ್ ವಿಚಾರಿಸಿಕೊಳ್ಳುತ್ತದೆ. ಸರಿಯಾದ ಉತ್ತರ ಬರದಿದ್ದರೆ ನಿಮಗೆ ಸಿಗುವುದು ಕಪ್ಪು ಪರದೆ. ಈ ಕಾವಲನ್ನು ತಪ್ಪಿಸುವ ಸಾಧನಗಳೂ ಮಾರುಕಟ್ಟೆಯಲ್ಲಿವೆ ಎಂದು ಅಂಗಡಿಯವರು ಕಿವಿಯಲ್ಲಿ ಹೇಳಬಹುದು. ನಾನು ಶಿಫಾರಸು ಮಾಡುವುದಿಲ್ಲ. ಪ್ರಸಾರವಾದದ್ದನ್ನು ಸ್ವಂತ ಬಳಕೆಗೆ ರೆಕಾರ್ಡ್ ಮಾಡಿಕೊಂಡರೆ ಪ್ರಸಾರ ಸಂಸ್ಥೆಯ ಹಕ್ಕಿಗೆ ಚ್ಯುತಿಯಿಲ್ಲ ಎಂದು 1957ರ ಕೃತಿಸ್ವಾಮ್ಯ ಕಾಯ್ದೆಯ 39ನೇ ಸೆಕ್ಷನ್ ಹೇಳುತ್ತದೆ, ನಿಜ. ಆದರೆ ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ತಾಂತ್ರಿಕ ಬೀಗ ಒಡೆಯುವುದನ್ನು 2012ರ ತಿದ್ದುಪಡಿಯಲ್ಲಿ ಬಂದ 65ಎ ಸೆಕ್ಷನ್ ಅಪರಾಧವೆನ್ನುತ್ತದೆ. ಮಗಳ ಹಾಡಿಗಾಗಿ ಆ ಗೊಂದಲ ಏಕೆ?

ನಿಮ್ಮ ಬಾಕ್ಸ್ ಹಳೆಯದಾಗಿದ್ದರೆ ಹಿಂಬದಿಯಲ್ಲಿ ಹಸಿರು, ನೀಲಿ, ಕೆಂಪು ಬಣ್ಣದ ಮೂರು ಸಾಕೆಟ್ ಇವೆಯೇ ನೋಡಿ. ಅದು ಕಾಂಪೊನೆಂಟ್ ವಿಡಿಯೊ. ಎಚ್‌ಡಿ ಚಿತ್ರ ಅದರಲ್ಲಿ ಅನಲಾಗ್ ರೂಪದಲ್ಲಿ ಹೊರಬರುತ್ತದೆ, ಎಚ್‌ಡಿಸಿಪಿ ಅಲ್ಲಿಲ್ಲ. 2008ರಲ್ಲಿ ಬಂದ ಹಾಪಾಜ್ ಎಚ್‌ಡಿ ಪಿವಿಆರ್ ಎಂಬ ರೆಕಾರ್ಡರ್ ಇದೇ ಸಾಕೆಟ್‌ಗಳಿಂದ ಚಿತ್ರ ಹಿಡಿದು, ಎಚ್.264 ಎಂಬ ವಿಧಾನದಲ್ಲಿ ಹಿಂಡಿ ಫೈಲ್ ಮಾಡಿ ಕೊಡುತ್ತಿತ್ತು. ಸೆಕೆಂಡ್‌ಹ್ಯಾಂಡ್ ಸಿಕ್ಕರೆ ಈಗಲೂ ಒಳ್ಳೆಯ ಸಾಧನ. ಆದರೆ ಹೊಸ ಬಾಕ್ಸ್‌ಗಳಲ್ಲಿ ಆ ಮೂರು ಸಾಕೆಟ್ ಸಾಮಾನ್ಯವಾಗಿ ಇರುವುದಿಲ್ಲ. ಹಳದಿ, ಬಿಳಿ, ಕೆಂಪಿನ ಮಾಮೂಲಿ ಎವಿ ಕೇಬಲ್ ಇದ್ದರೆ ಅದನ್ನು ಕಾಂಪೊನೆಂಟ್ ಎಂದುಕೊಳ್ಳಬೇಡಿ. ಅದರ ಹಳದಿ ತಂತಿಯಲ್ಲಿ ಬರುವುದು 576 ಸಾಲಿನ ಚಿತ್ರ ಮಾತ್ರ. ಅದನ್ನು ಎಷ್ಟು ದುಬಾರಿ ಡಿಸ್ಕ್‌ಗೆ ಬರೆದರೂ 1080 ಸಾಲಿನ ಎಚ್‌ಡಿ ಆಗದು.

ಇಷ್ಟೆಲ್ಲ ಹೇಳಿದ ಮೇಲೆ ನಿಮ್ಮ ವಿಷಯಕ್ಕೆ ನನ್ನ ಸಲಹೆ ಬೇರೆಯೇ. ಕಾರ್ಯಕ್ರಮದ ನಿರ್ಮಾಣ ತಂಡವನ್ನೇ ಕೇಳಿ. ಮಗು ಹಾಡಿದ ಭಾಗದ ಫೈಲನ್ನು ಕೆಲವರು ಕೊಡುತ್ತಾರೆ, ಕೆಲವರು ಕೊಡುವುದಿಲ್ಲ. ಕೇಳುವುದಕ್ಕೆ ಖರ್ಚಿಲ್ಲ. ಪ್ರಸಾರಕ್ಕೆಂದು ಹಿಂಡಿ ಚಿಕ್ಕದು ಮಾಡುವ ಮುನ್ನಿನ ಪ್ರತಿ ಸಿಕ್ಕರೆ, ಯಾವ ರೆಕಾರ್ಡರ್‌ನಿಂದಲೂ ಬಾರದ ಗುಣಮಟ್ಟ ಅದರಲ್ಲಿರುತ್ತದೆ. ಶೂಟಿಂಗ್‌ಗೆ ಹೋದ ದಿನವೇ ವಿಚಾರಿಸಿ, ಸ್ಪರ್ಧೆ ಮುಗಿದ ಮೇಲೆ ಯಾರೂ ಫೋನ್ ಎತ್ತುವುದಿಲ್ಲ.

ಫೈಲ್ ಕೈಗೆ ಬಂತು ಎನ್ನಿ. ಸೆಕೆಂಡಿಗೆ 8 ಮೆಗಾಬಿಟ್ ವೇಗದ ಎಚ್‌ಡಿ ಚಿತ್ರ ಗಂಟೆಗೆ 3.6 ಜಿಬಿ ತಿನ್ನುತ್ತದೆ. 25 ಜಿಬಿಯ ಬ್ಲೂ-ರೇ ಡಿಸ್ಕ್‌ನಲ್ಲಿ ಸುಮಾರು ಏಳು ಗಂಟೆ ಹಿಡಿಯುತ್ತದೆ. ಕಂಪ್ಯೂಟರ್‌ಗೆ ಬ್ಲೂ-ರೇ ರೈಟರ್ ಇಲ್ಲವೇ? 4.7 ಜಿಬಿಯ ಸಾಮಾನ್ಯ ಡಿವಿಡಿಗೇ ಒಂದೂಕಾಲು ಗಂಟೆಯ ಎಚ್‌ಡಿ ಬರೆಯಬಹುದು. ಸೋನಿ ಮತ್ತು ಪ್ಯಾನಾಸಾನಿಕ್ 2006ರಲ್ಲಿ ತಂದ ಎವಿಸಿಎಚ್‌ಡಿ ವಿಧಾನ ಅದು. ಆ ಡಿಸ್ಕ್ ಎಷ್ಟೋ ಬ್ಲೂ-ರೇ ಪ್ಲೇಯರ್‌ಗಳಲ್ಲಿ ಓಡುತ್ತದೆ, ಡಿವಿಡಿ ಪ್ಲೇಯರ್‌ನಲ್ಲಿ ಓಡುವುದಿಲ್ಲ. ಅತ್ತೆಯವರ ಮನೆಯಲ್ಲಿರುವುದು ಡಿವಿಡಿ ಪ್ಲೇಯರ್ ಆಗಿದ್ದರೆ ಅವರಿಗೆ ಎಚ್‌ಡಿ ಆಸೆ ಬಿಟ್ಟು ಮಾಮೂಲಿ ಡಿವಿಡಿ ಮಾಡಿಕೊಡಿ. ಟಿವಿಗೆ ಯುಎಸ್‌ಬಿ ಕಿಂಡಿ ಇದ್ದರೆ ಎಂಪಿ4 ಫೈಲ್ ಹಾಕಿದ ಪೆನ್‌ಡ್ರೈವೇ ಸಾಕು.

ಪ್ರಶ್ನೆ: ನಮ್ಮದು ಡಿಶ್ ಹಾಕಿಸಿಕೊಂಡ ಫ್ರೀ ಟು ಏರ್ ಎಚ್‌ಡಿ ಬಾಕ್ಸ್. ದೂರದರ್ಶನದ ಎಚ್‌ಡಿ ವಾಹಿನಿಯಲ್ಲಿ ಬಂದ ಸಂಗೀತ ಕಛೇರಿಯನ್ನು ಪೆನ್‌ಡ್ರೈವ್‌ಗೆ ರೆಕಾರ್ಡ್ ಮಾಡಿದರೆ ಒಂದು ಗಂಟೆ ಚಿಲ್ಲರೆಗೆ ಒಂದು ತುಂಡಾಗುತ್ತದೆ. ಎಂಪಿ4 ಮಾಡಿ ಜೋಡಿಸಿದರೆ ಮಸುಕಾಗುತ್ತದೆ.
— ಓದುಗರು, ಪುತ್ತೂರು

ಉತ್ತರ: ಡಿಟಿಎಚ್‌ನವರು ಹೊಟ್ಟೆ ಉರಿದುಕೊಳ್ಳುವ ಸ್ಥಿತಿ ನಿಮ್ಮದು. ಬೀಗವಿಲ್ಲದ ವಾಹಿನಿ, ಬೀಗವಿಲ್ಲದ ಫೈಲ್. ಡಿಶ್‌ಗೆ ಬಂದ ಅಂಕಿಗಳೇ ಪೆನ್‌ಡ್ರೈವ್‌ನಲ್ಲಿವೆ, ಒಂದು ಚುಕ್ಕೆಯೂ ಕಳೆದಿಲ್ಲ.

ತುಂಡಾಗುವುದು ಪೆನ್‌ಡ್ರೈವ್ ಫ್ಯಾಟ್32 ವಿಧಾನದಲ್ಲಿ ಫಾರ್ಮ್ಯಾಟ್ ಆಗಿರುವುದರಿಂದ. ಅದರಲ್ಲಿ ಒಂದು ಫೈಲ್ 4 ಜಿಬಿ ದಾಟುವಂತಿಲ್ಲ, ಬಾಕ್ಸ್ ಅಲ್ಲಿಗೆ ಕತ್ತರಿಸಿ ಹೊಸ ಫೈಲ್ ಶುರು ಮಾಡುತ್ತದೆ. ಆ ಮಿತಿಯಿಲ್ಲದ ಎನ್‌ಟಿಎಫ್‌ಎಸ್ ವಿಧಾನದಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವನ್ನು ನಿಮ್ಮ ಬಾಕ್ಸ್ ಓದುತ್ತದೆಯೇ ಒಮ್ಮೆ ಪರೀಕ್ಷಿಸಿ. ಇಲ್ಲದಿದ್ದರೂ ಚಿಂತೆಯಿಲ್ಲ.

ಮಸುಕಾಗಲು ಕಾರಣ ನೀವು ಮಾಡಿದ ಪರಿವರ್ತನೆ. ಮೊದಲೇ ಹಿಂಡಿದ್ದ ಚಿತ್ರವನ್ನು ಬಿಚ್ಚಿ ಮತ್ತೆ ಹಿಂಡಿದಿರಿ, ಗಾಯಕರ ಶಾಲಿನ ಜರಿ ಅಂಚು ಹೋಗುವುದು ಅಲ್ಲೇ. ಟಿಎಸ್‌ಮಕ್ಸರ್ ಎಂಬ ಉಚಿತ ತಂತ್ರಾಂಶ ಹಾಕಿಕೊಳ್ಳಿ. ಮೊದಲ ತುಂಡನ್ನು ಸೇರಿಸಿ, ಮುಂದಿನವನ್ನು ಅದರಲ್ಲಿರುವ ಜಾಯಿನ್ ಗುಂಡಿಯಿಂದ ಕ್ರಮವಾಗಿ ಜೋಡಿಸಿ, ಔಟ್‌ಪುಟ್‌ನಲ್ಲಿ ಬ್ಲೂ-ರೇ ಅಥವಾ ಎವಿಸಿಎಚ್‌ಡಿ ಆರಿಸಿ. ಅದು ಚಿತ್ರವನ್ನು ಮುಟ್ಟುವುದಿಲ್ಲ, ಪೊಟ್ಟಣ ಮಾತ್ರ ಬದಲಿಸುತ್ತದೆ. ಆದ್ದರಿಂದಲೇ ಎರಡೂವರೆ ಗಂಟೆಯ ಕಛೇರಿಯೂ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಹೊರಬಂದ ಫೋಲ್ಡರನ್ನು ಇಮ್ಗ್‌ಬರ್ನ್ ಎಂಬ ತಂತ್ರಾಂಶದಿಂದ ಡಿಸ್ಕ್‌ಗೆ ಬರೆಯಿರಿ. ಜೋಡಿಸಿದ ಜಾಗಗಳಲ್ಲಿ ತಾಳ ತಪ್ಪಿಲ್ಲವೇ ಎಂದು ಮೊದಲು ಕೇಳಿ ನೋಡಿ, ಅಗ್ಗದ ಬಾಕ್ಸ್‌ಗಳು ಕತ್ತರಿಸುವಾಗ ಅರೆ ಕ್ಷಣ ನುಂಗುವುದುಂಟು.

ಪ್ರಶ್ನೆ: ಟೋಕಿಯೊದಲ್ಲಿದ್ದೇವೆ, ಮುಂದಿನ ವರ್ಷ ಬೆಂಗಳೂರಿಗೆ ವಾಪಸ್. ಇಲ್ಲಿ ಬ್ಲೂ-ರೇ ರೆಕಾರ್ಡರ್‌ನಲ್ಲಿ ಮಕ್ಕಳ ಕಾರ್ಯಕ್ರಮಗಳನ್ನು ಡಿಸ್ಕ್‌ಗೆ ತುಂಬಿಟ್ಟಿದ್ದೇವೆ. ಅಲ್ಲಿ ಓಡುತ್ತವೆಯೇ?
— ಓದುಗರು, ಟೋಕಿಯೊ

ಉತ್ತರ: ಟಿವಿಯನ್ನು ಸೀದಾ ಡಿಸ್ಕ್‌ಗೆ ಇಳಿಸುವ ಪದ್ಧತಿ ಬೇರೂರಿದ್ದು ನೀವಿರುವ ದೇಶದಲ್ಲೇ. ಸೋನಿಯ ಮೊದಲ ಬ್ಲೂ-ರೇ ರೆಕಾರ್ಡರ್ ಅಲ್ಲಿ 2003ರಲ್ಲೇ ಮಾರಾಟಕ್ಕೆ ಬಂತು. 2008ರ ಜುಲೈನಿಂದ ‘ಡಬ್ಬಿಂಗ್ 10’ ನಿಯಮವೂ ಇದೆ: ಹಾರ್ಡ್‌ಡಿಸ್ಕ್‌ನಲ್ಲಿರುವ ಕಾರ್ಯಕ್ರಮದಿಂದ ಒಂಬತ್ತು ಪ್ರತಿ, ಹತ್ತನೆಯದು ತೆಗೆದರೆ ಮೂಲ ಅಳಿಸಿಹೋಗುತ್ತದೆ. ಹಕ್ಕುದಾರರಿಗೂ ನೋಡುಗರಿಗೂ ನಡುವೆ ಹೀಗೊಂದು ಲೆಕ್ಕ ನಮ್ಮಲ್ಲೂ ಬಂದಿದ್ದರೆ ಮೇಲಿನ ಶಿವಮೊಗ್ಗದ ಪ್ರಶ್ನೆಯೇ ಏಳುತ್ತಿರಲಿಲ್ಲ.

ಮನೆಯಲ್ಲಿ ಬರೆದ ಡಿಸ್ಕ್‌ಗೆ ರೀಜನ್ ಕೋಡ್, ಅಂದರೆ ಒಂದು ಪ್ರದೇಶದ ಡಿಸ್ಕ್ ಇನ್ನೊಂದು ಪ್ರದೇಶದ ಪ್ಲೇಯರ್‌ನಲ್ಲಿ ಓಡದಂತೆ ಮಾಡುವ ಗುರುತಿನ ತಕರಾರಿಲ್ಲ. ತೊಂದರೆ ಇರುವುದು ಅದರ ವಿನ್ಯಾಸದಲ್ಲಿ. ನಿಮ್ಮ ರೆಕಾರ್ಡರ್ ಬರೆದಿರುವುದು ಬಿಡಿಎವಿ ಎಂಬ ಟಿವಿ ರೆಕಾರ್ಡಿಂಗ್‌ನ ವಿನ್ಯಾಸದಲ್ಲಿ, ಅದರ ಮೇಲೆ ಎಎಸಿಎಸ್ ಎಂಬ ನಕಲು ತಡೆಯುವ ಬೀಗ. ಭಾರತದಲ್ಲಿ ಕೊಳ್ಳುವ ಪ್ಲೇಯರ್ ಅದನ್ನು ಓದಿಯೇ ತೀರುತ್ತದೆ ಎನ್ನುವಂತಿಲ್ಲ. ಅಲ್ಲಿಂದಲೇ ಒಂದು ಸಣ್ಣ ಪ್ಲೇಯರ್ ಕೊಂಡು, ನಿಮ್ಮ ಡಿಸ್ಕ್‌ಗಳನ್ನು ಅದರಲ್ಲಿ ಓಡಿಸಿ ನೋಡಿ, ಜೊತೆಗೆ ತನ್ನಿ. ಜಪಾನಿನ ವಿದ್ಯುತ್ 100 ವೋಲ್ಟ್, ಇಲ್ಲಿ 230. ಪ್ಲೇಯರ್‌ನ ಹಿಂಬದಿಯ ಚೀಟಿಯಲ್ಲಿ 100 ಎಂದಷ್ಟೇ ಇದ್ದರೆ ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಪ್ಲಗ್ ಹಾಕಬೇಡಿ.

ಪ್ರಶ್ನೆ: ಸೋನಿ ಬ್ಲೂ-ರೇ ಡಿಸ್ಕ್ ನಿಲ್ಲಿಸಿದೆಯಂತೆ. ಈಗ ಡಿಸ್ಕ್‌ಗೆ ದುಡ್ಡು ಹಾಕಬಹುದೇ?
— ಓದುಗರು, ಹುಬ್ಬಳ್ಳಿ

ಉತ್ತರ: 2025ರ ಫೆಬ್ರುವರಿಯಲ್ಲಿ ಸೋನಿ ನಿಲ್ಲಿಸಿದ್ದು ಮನೆಯಲ್ಲಿ ಬರೆಯುವ ಖಾಲಿ ಡಿಸ್ಕ್‌ಗಳನ್ನು. ವರ್ಬಟಿಮ್‌ನಂಥ ಬ್ರಾಂಡ್‌ಗಳ ಖಾಲಿ ಡಿಸ್ಕ್ ಇನ್ನೂ ಸಿಗುತ್ತವೆ. ಕೊಳ್ಳುವಾಗ ಪೊಟ್ಟಣದ ಮೇಲೆ ಎಲ್‌ಟಿಎಚ್ ಎಂದಿದ್ದರೆ ಬಿಡಿ. ಅದರಲ್ಲಿ ಡಿವಿಡಿಯಲ್ಲಿರುವಂತೆ ಸಾವಯವ ಬಣ್ಣದ ಪದರವಿರುತ್ತದೆ, ಬಿಸಿಲು, ಸೆಕೆಗೆ ಬೇಗ ಸೋಲುತ್ತದೆ. ಅತಿ ಹೆಚ್ಚಿನ ವೇಗದಲ್ಲಿ ಬರೆಯಬೇಡಿ, ಬರೆದ ಮೇಲೆ ವೆರಿಫೈ ಮಾಡಿ, ಅಂದರೆ ಎಲ್ಲವೂ ಸರಿಯಾಗಿ ಬಿದ್ದಿದೆಯೇ ಎಂದು ತಂತ್ರಾಂಶದಿಂದಲೇ ತಾಳೆ ನೋಡಿ. ಮುಖ್ಯವಾದ ಫೈಲಿನ ಇನ್ನೊಂದು ಪ್ರತಿಯನ್ನು ಹಾರ್ಡ್‌ಡಿಸ್ಕ್‌ನಲ್ಲಿ ಇಟ್ಟು ಅದನ್ನು ಬೇರೆ ಮನೆಯಲ್ಲಿಡಿ. ಬ್ಲೂ-ರೇ ರೈಟರ್ ಕೊಳ್ಳುವ ಯೋಚನೆಯಿದ್ದರೆ ತಡ ಮಾಡಬೇಡಿ, ಡಿಸ್ಕ್‌ಗಿಂತ ಮೊದಲು ಅಂಗಡಿಯಿಂದ ಕಾಣೆಯಾಗುವುದು ಡ್ರೈವ್ ಎಂಬುದು ನನ್ನ ಅಂದಾಜು.