ಗೆಲ್ಲುವುದಿಲ್ಲವೆಂದು ಗೊತ್ತಿದ್ದೂ ಪುಟ್ಟ ದೇಶಗಳು ಒಲಿಂಪಿಕ್ಸ್‌ಗೆ ಏಕೆ ಬರುತ್ತವೆ?

ನಿಮ್ಮ ಪ್ರಶ್ನೆ ಇಷ್ಟು: ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಒಬ್ಬರೋ ಇಬ್ಬರೋ ಕ್ರೀಡಾಪಟುಗಳಿದ್ದ ದೇಶಗಳನ್ನು ಕಂಡಿರಿ, ಮೊದಲ ಸುತ್ತಿನಲ್ಲೇ ಸೋತು ಮರಳುವ ಇಂಥ ತಂಡಗಳಿಂದ ಯಾರಿಗೆ ಏನು ಲಾಭ, ಖರ್ಚೆಲ್ಲ ದಂಡವಲ್ಲವೇ? ನಾನು ಚಿಕ್ಕಬಳ್ಳಾಪುರ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಣ ಶಿಕ್ಷಕ. ಖಂಡಿತ ದಂಡವಲ್ಲ ಎಂಬುದು ನನ್ನ ಉತ್ತರ. ಏಕೆಂದು ಹೇಳುತ್ತೇನೆ, ಸ್ವಲ್ಪ ಉದ್ದವಾದೀತು.

ಬರ್ಮುಡಾದಿಂದ ಶುರು ಮಾಡೋಣ. ಅಟ್ಲಾಂಟಿಕ್ ಸಾಗರದಲ್ಲಿರುವ ಈ ದ್ವೀಪಗಳು ಬ್ರಿಟನ್ನಿನ ಅಧೀನದಲ್ಲಿದ್ದರೂ ಕ್ರೀಡಾಕೂಟಕ್ಕೆ ತಮ್ಮದೇ ತಂಡ ಕಳುಹಿಸುತ್ತವೆ. ಜನಸಂಖ್ಯೆ ಸುಮಾರು 64 ಸಾವಿರ. 2011ರ ಜನಗಣತಿಯಲ್ಲಿ ಚಿಕ್ಕಬಳ್ಳಾಪುರ ನಗರದಲ್ಲಿದ್ದವರೂ ಹೆಚ್ಚುಕಡಿಮೆ ಅಷ್ಟೇ ಜನ. ಬಿ.ಬಿ. ರಸ್ತೆಯ ಆಚೀಚೆ ಹರಡಿಕೊಂಡಿರುವ ನಮ್ಮ ಊರೇ ಒಂದು ದೇಶವೆಂದುಕೊಳ್ಳಿ. ಬರ್ಮುಡಾದ ಫ್ಲೋರಾ ಡಫಿ ಎಂಬ ಹುಡುಗಿ 2008ರಲ್ಲಿ ಬೀಜಿಂಗ್‌ಗೆ ಹೋಗಿ, ಈಜು, ಸೈಕಲ್, ಓಟ ಮೂರೂ ಸೇರಿದ ಟ್ರಯಥ್ಲಾನ್ ಮುಗಿಸಲಾಗದೆ ಹೊರಬಿದ್ದಳು. 2012ರ ಲಂಡನ್‌ನಲ್ಲಿ 45ನೆಯ ಸ್ಥಾನ. 2016ರ ರಿಯೊದಲ್ಲಿ 8ನೆಯ ಸ್ಥಾನ. 2021ರ ಜುಲೈ 27ರಂದು ಟೋಕಿಯೊದಲ್ಲಿ ಒಂದೂವರೆ ಕಿಲೋಮೀಟರ್ ಈಜಿ, ನಲವತ್ತು ಕಿಲೋಮೀಟರ್ ಸೈಕಲ್ ತುಳಿದು, ಹತ್ತು ಕಿಲೋಮೀಟರ್ ಓಡಿ, ಎರಡನೆಯವರಿಗಿಂತ ಒಂದು ನಿಮಿಷಕ್ಕೂ ಹೆಚ್ಚು ಮುಂದಾಗಿ ಚಿನ್ನ ಗೆದ್ದಳು. ಬರ್ಮುಡಾದ ತಂಡದಲ್ಲಿ ಆಗ ಇದ್ದವರು ಇಬ್ಬರೇ. ಬೀಜಿಂಗ್‌ನ ಫಲಿತಾಂಶ ನೋಡಿ ‘ಇವಳನ್ನು ಕಳುಹಿಸಿ ಏನಾಯಿತು’ ಎಂದು ಅಂದೇ ಲೆಕ್ಕ ಮುಗಿಸಿದ್ದರೆ ಈ ಸಾಲು ಅಲ್ಲೇ ನಿಲ್ಲುತ್ತಿತ್ತು.

ನನಗೆ ಇದಕ್ಕಿಂತಲೂ ಮುಖ್ಯವೆನಿಸುವುದು ನೌರು ದೇಶದ ಕಥೆ. ಪೆಸಿಫಿಕ್ ಸಾಗರದ ಈ ದ್ವೀಪದ ವಿಸ್ತೀರ್ಣ ಬರೀ 21 ಚದರ ಕಿಲೋಮೀಟರ್, ಜನ ಹನ್ನೆರಡು ಸಾವಿರದ ಆಸುಪಾಸು. ಅಲ್ಲಿನ ಮಾರ್ಕಸ್ ಸ್ಟೀಫನ್ 1990ರಲ್ಲಿ ಆಕ್ಲೆಂಡ್ ಕಾಮನ್‌ವೆಲ್ತ್ ಕ್ರೀಡಾಕೂಟದ ವೇಟ್‌ಲಿಫ್ಟಿಂಗ್‌ನಲ್ಲಿ, 60 ಕೆ.ಜಿ. ವಿಭಾಗದ ಸ್ನ್ಯಾಚ್‌ನಲ್ಲಿ (ಭಾರವನ್ನು ನೆಲದಿಂದ ಒಂದೇ ಎಳೆತಕ್ಕೆ ತಲೆಯ ಮೇಲೆತ್ತುವ ಸ್ಪರ್ಧೆ) ಚಿನ್ನ ಗೆದ್ದರು. ಎರಡು ವರ್ಷಗಳ ನಂತರ ಬಾರ್ಸಿಲೋನಾ ಒಲಿಂಪಿಕ್ಸ್ ಬಂದಾಗ ನೌರುವಿಗೆ ಮಾನ್ಯತೆ ಪಡೆದ ಒಲಿಂಪಿಕ್ ಸಮಿತಿಯೇ ಇರಲಿಲ್ಲ. ಹಾಗಾಗಿ ಅವರು ಸಮೋವಾ ದೇಶದ ಪರವಾಗಿ ಭಾರ ಎತ್ತಬೇಕಾಯಿತು. ಎದೆಯ ಮೇಲೆ ಬೇರೆಯವರ ಹೆಸರು ಧರಿಸಿ ನಿಲ್ಲುವುದು ಹೇಗಿದ್ದೀತು ಎಂದು ಯೋಚಿಸಿ ನೋಡಿ. ನೌರುವಿನ ಸಮಿತಿಗೆ 1994ರಲ್ಲಿ ಮಾನ್ಯತೆ ಸಿಕ್ಕಿತು, 1996ರ ಅಟ್ಲಾಂಟಾದಲ್ಲಿ ಸ್ಟೀಫನ್ ತಮ್ಮ ದೇಶದ ಹೆಸರಿನಲ್ಲೇ ಸ್ಪರ್ಧಿಸಿದರು. ಮುಂದೆ 2007ರಿಂದ 2011ರವರೆಗೆ ಅವರೇ ನೌರುವಿನ ಅಧ್ಯಕ್ಷರಾಗಿದ್ದರು.

ಆ ಪುಟ್ಟ ದ್ವೀಪ ವೇಟ್‌ಲಿಫ್ಟಿಂಗನ್ನೇ ಏಕೆ ಹಿಡಿಯಿತು ಎಂಬುದು ನನ್ನಂಥವನಿಗೆ ಚೆನ್ನಾಗಿ ಅರ್ಥವಾಗುತ್ತದೆ. 400 ಮೀಟರ್ ಟ್ರ್ಯಾಕ್ ಮಾಡಲು ಜಾಗ ಬೇಕು, ಈಜುಕೊಳಕ್ಕೆ ಹಣ ಬೇಕು. ಭಾರ ಎತ್ತಲು ಒಂದು ಕೊಠಡಿ, ಒಂದು ಸರಳು, ತಟ್ಟೆಗಳು, ತಿಳಿದ ಒಬ್ಬ ಗುರು ಇದ್ದರೆ ಸಾಕು. ಒಬ್ಬ ಗೆದ್ದರೆ ಅದೇ ಕೊಠಡಿಗೆ ಹತ್ತು ಹುಡುಗರು ಬರುತ್ತಾರೆ. ಸ್ಟೀಫನ್ ನಂತರ ಯುಕಿಯೊ ಪೀಟರ್ ಬಂದರು, 2010ರಲ್ಲಿ ನಮ್ಮ ದೆಹಲಿಯ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲೇ ಚಿನ್ನ ಗೆದ್ದರು. ಪಕ್ಕದ ಕಿರಿಬಾತಿ ದೇಶಕ್ಕೆ ಕಾಮನ್‌ವೆಲ್ತ್‌ನ ಮೊದಲ ಪದಕ ತಂದವರೂ ಭಾರ ಎತ್ತುವವರೇ: ಡೇವಿಡ್ ಕಟೋಟಾವ್, 2014ರ ಗ್ಲಾಸ್ಗೋದಲ್ಲಿ, 105 ಕೆ.ಜಿ. ವಿಭಾಗದ ಚಿನ್ನ. ಅವರು ರಿಯೊ ಒಲಿಂಪಿಕ್ಸ್‌ನ ವೇದಿಕೆಯ ಮೇಲೆ ಕುಣಿದರು. ಏರುತ್ತಿರುವ ಸಮುದ್ರ ತಮ್ಮ ದ್ವೀಪಗಳನ್ನು ನುಂಗುತ್ತಿದೆ ಎಂದು ಜಗತ್ತಿನ ಗಮನ ಸೆಳೆಯಲು ಅವರಿಗಿದ್ದ ದಾರಿ ಅದು.

ಇನ್ನು ನೀವು ಕೇಳಿದ ಮೊದಲ ಸುತ್ತಿನವರ ವಿಷಯ. ಅರ್ಹತಾ ಮಟ್ಟವನ್ನು ಯಾರೂ ಮುಟ್ಟದಿದ್ದರೂ ಅಥ್ಲೆಟಿಕ್ಸ್ ಮತ್ತು ಈಜಿನಲ್ಲಿ ತನ್ನ ಅತ್ಯುತ್ತಮ ಸ್ಪರ್ಧಿಯನ್ನು ಕಳುಹಿಸಲು ಸಣ್ಣ ದೇಶಗಳಿಗೆ ಅವಕಾಶವಿದೆ. ಇದಕ್ಕೆ ಯೂನಿವರ್ಸಾಲಿಟಿ ಸ್ಥಾನ ಎನ್ನುತ್ತಾರೆ. 100 ಮೀಟರ್ ಓಟದಲ್ಲಿ ಇಂಥವರಿಗಾಗಿಯೇ ಒಂದು ಪೂರ್ವಭಾವಿ ಸುತ್ತು ನಡೆಯುತ್ತದೆ, ಅದರಲ್ಲಿ ಮೇಲೆ ಬಂದವರು ಮುಖ್ಯ ಹೀಟ್ಸ್‌ಗೆ, ಎಂದರೆ ಉಳಿದವರೆಲ್ಲ ಓಡುವ ಮೊದಲ ಸುತ್ತಿಗೆ, ಹೋಗುತ್ತಾರೆ. ಆದ್ದರಿಂದ ಈ ಓಟದಲ್ಲಿ ಅರ್ಹರ ಜಾಗವನ್ನು ಇವರು ಕಿತ್ತುಕೊಳ್ಳುತ್ತಾರೆ ಎಂಬ ದೂರಿನಲ್ಲಿ ಹುರುಳಿಲ್ಲ. ಪ್ಯಾರಿಸ್‌ಗೆ ನೌರು ಕಳುಹಿಸಿದ್ದು ಒಬ್ಬನೇ ಓಟಗಾರನನ್ನು. ಭೂತಾನ್ ಕಳುಹಿಸಿದ ಮೂವರಲ್ಲಿ ಕಿನ್‌ಜಾಂಗ್ ಲಾಮೊ ಎಂಬ ಮ್ಯಾರಥಾನ್ ಓಟಗಾರ್ತಿ ಇದ್ದರು. ಚಿನ್ನ ಗೆದ್ದ ಸಿಫಾನ್ ಹಸನ್ ಗುರಿ ಮುಟ್ಟಿ ಒಂದೂವರೆ ಗಂಟೆಯಾದ ಮೇಲೆ, ಎಲ್ಲರಿಗಿಂತ ಕೊನೆಯಲ್ಲಿ, ಅವರು ಓಟ ಮುಗಿಸಿದರು. ಜನ ಅಲ್ಲಿಯವರೆಗೂ ಕಾದಿದ್ದು ಚಪ್ಪಾಳೆ ತಟ್ಟಿದರು. ಅದೇ ಓಟದಲ್ಲಿ ಹೆಸರಾಂತ ಓಟಗಾರ್ತಿಯರು ಕೆಲವರು ನಡುದಾರಿಯಲ್ಲೇ ನಿಂತಿದ್ದರು. ಲಾಮೊ ಮೊದಲೇ ಹಿಮಾಲಯದ ಎತ್ತರದ ಕಣಿವೆಗಳಲ್ಲಿ 200 ಕಿಲೋಮೀಟರ್‌ಗೂ ಹೆಚ್ಚಿನ ಸ್ನೋಮ್ಯಾನ್ ಓಟವನ್ನು ಓಡಿ ಎರಡನೆಯ ಸ್ಥಾನ ಪಡೆದವರು. ‘ಕೊನೆಯವರು’ ಎಂದಾಗ ನಮ್ಮ ಕಣ್ಣ ಮುಂದೆ ಇದು ಬರುವುದೇ ಇಲ್ಲ.

ನಮ್ಮ ತಾಲ್ಲೂಕು ಮಟ್ಟದ ಕ್ರೀಡಾಕೂಟಕ್ಕೂ ಹಾಗೆಯೇ. ಗಡಿಯ ಕಡೆಯ ಸಣ್ಣ ಶಾಲೆಗಳಿಂದ ಇಬ್ಬರು ಮೂವರು ಮಕ್ಕಳು ಬರುತ್ತಾರೆ. ಪಥಸಂಚಲನದಲ್ಲಿ ಒಬ್ಬ ಶಾಲೆಯ ಫಲಕ ಹಿಡಿದರೆ ಹಿಂದೆ ನಡೆಯಲು ಉಳಿಯುವವರು ಒಬ್ಬರೋ ಇಬ್ಬರೋ. ಅವರಿಗೆ ಸ್ಪೈಕ್ ಶೂ ಇರುವುದಿಲ್ಲ, ಸುಣ್ಣದ ಗೆರೆ ಎಳೆದ ಪಥವನ್ನು ಕಂಡಿರುವುದೂ ಅಪರೂಪ. ‘ಇವರನ್ನು ಕರೆತರಲು ಬಸ್ಸಿನ ಖರ್ಚು ಏಕೆ’ ಎಂದು ದೊಡ್ಡ ಶಾಲೆಯ ಒಬ್ಬ ಶಿಕ್ಷಕರು ನನ್ನ ಎದುರಿಗೇ ಹೇಳಿದ್ದರು. ಆ ಮಾತು ಈಗಲೂ ನನಗೆ ಚುಚ್ಚುತ್ತದೆ. ಮಗು ಸೋತು ಶಾಲೆಗೆ ಮರಳಿದ ಮೇಲೆ ಅಲ್ಲಿ ಏನಾಗುತ್ತದೆ ಎಂಬುದನ್ನು ಅವರು ನೋಡಿಲ್ಲ. ಮರುದಿನ ಬೆಳಿಗ್ಗೆ ಆ ಶಾಲೆಯ ಅಂಗಳದಲ್ಲಿ ಓಡುವವರ ಸಂಖ್ಯೆ ಹೆಚ್ಚಿರುತ್ತದೆ. ‘ಸಾರ್, ಅಲ್ಲಿ ಹೇಗೆ ಓಡುತ್ತಾರೆ?’ ಎಂದು ಕೇಳುವವರು ಹೆಚ್ಚಿರುತ್ತಾರೆ. ಮೇಲಿನ ಬಾಗಿಲು ತೆರೆದಿದೆ ಎಂದು ಗೊತ್ತಿದ್ದರೆ ಮಾತ್ರ ಕೆಳಗಿನ ಮಗು ಓಡುತ್ತದೆ. ದೇಶಗಳಿಗೂ ಇದೇ ಅನ್ವಯಿಸುತ್ತದೆ: ಒಲಿಂಪಿಕ್ಸ್‌ಗೆ ಒಬ್ಬರನ್ನಾದರೂ ಕಳುಹಿಸಬೇಕು ಎಂದಾದಾಗಲೇ ಅಲ್ಲಿ ಒಂದು ಸಮಿತಿ, ಒಂದು ಆಯ್ಕೆ ಸ್ಪರ್ಧೆ, ಒಬ್ಬ ತರಬೇತುದಾರ ಹುಟ್ಟಿಕೊಳ್ಳುವುದು. ಖರ್ಚಿನ ಒಂದು ಭಾಗವನ್ನು ಒಲಿಂಪಿಕ್ ಸಾಲಿಡಾರಿಟಿ ನಿಧಿಯೇ ಕೊಡುತ್ತದೆ.

ಅವಕಾಶ ಸಿಕ್ಕರೂ ಸವಲತ್ತು ಸಿಗುವುದಿಲ್ಲ ಎಂಬುದು ಮಾತ್ರ ನೋವಿನ ಸಂಗತಿ. 2024ರ ಆಗಸ್ಟ್ 3ರಂದು 10.72 ಸೆಕೆಂಡುಗಳಲ್ಲಿ 100 ಮೀಟರ್ ಓಡಿ ಕೆರಿಬಿಯನ್ ಸಮುದ್ರದ ಪುಟ್ಟ ದ್ವೀಪದೇಶ ಸೇಂಟ್ ಲೂಸಿಯಾಕ್ಕೆ ಮೊದಲ ಒಲಿಂಪಿಕ್ ಪದಕ, ಅದೂ ಚಿನ್ನವನ್ನೇ ತಂದ ಜೂಲಿಯನ್ ಆಲ್ಫ್ರೆಡ್ ಹದಿನಾಲ್ಕನೆಯ ವಯಸ್ಸಿಗೇ ಮನೆ ಬಿಟ್ಟು ಜಮೈಕಾಕ್ಕೆ ಹೋಗಬೇಕಾಯಿತು, ಅಲ್ಲಿಂದ ಅಮೆರಿಕದ ಟೆಕ್ಸಾಸ್‌ಗೆ. ಅಷ್ಟು ಚಿಕ್ಕ ಹುಡುಗಿ ತಾಯಿಯಿಂದ ದೂರವಿರುವುದು ಸಣ್ಣ ಬೆಲೆಯಲ್ಲ. ನಮ್ಮ ಜಿಲ್ಲೆಯ ಒಳ್ಳೆಯ ಓಟಗಾರರು ಕ್ರೀಡಾ ವಸತಿ ನಿಲಯ ಹುಡುಕಿಕೊಂಡು ಊರು ಬಿಡುವಾಗ ನನಗೆ ಆಕೆಯ ನೆನಪಾಗುತ್ತದೆ.

ಪುಟ್ಟ ದೇಶ ಎಂದರೆ ಸುಲಭದ ಎದುರಾಳಿ ಎಂದೂ ತಿಳಿಯಬೇಡಿ. ಟೋಕಿಯೊದಲ್ಲಿ 86 ಕೆ.ಜಿ. ಕುಸ್ತಿಯ ಕಂಚಿನ ಪದಕಕ್ಕಾಗಿ ನಮ್ಮ ದೀಪಕ್ ಪುನಿಯಾ ಕೊನೆಯ ಕ್ಷಣಗಳವರೆಗೂ ಮುಂದಿದ್ದು ಸೋತದ್ದು ಸುತ್ತಲೂ ಇಟಲಿಯೇ ಇರುವ ಪುಟ್ಟ ದೇಶ ಸ್ಯಾನ್ ಮರಿನೊದ ಮೈಲ್ಸ್ ಅಮೀನ್ ಎದುರು. ಆ ದೇಶದ ಜನ ನಮ್ಮ ಗೌರಿಬಿದನೂರು ಪಟ್ಟಣದವರಿಗಿಂತ ಕಡಿಮೆ. ಟೋಕಿಯೊಗೆ ಬಂದಿದ್ದ ಅವರ ಐವರು ಸ್ಪರ್ಧಿಗಳು ಸೇರಿ ಮೂರು ಪದಕ ಒಯ್ದರು.

2026ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟವನ್ನು ಹತ್ತೇ ಕ್ರೀಡೆಗಳಿಗೆ ಇಳಿಸಿದಾಗ ಹಾಕಿ, ಬ್ಯಾಡ್ಮಿಂಟನ್, ಕುಸ್ತಿ, ಶೂಟಿಂಗ್ ಹೋದವೆಂದು ನಮ್ಮ ಪತ್ರಿಕೆಗಳು ಬೇಸರಪಟ್ಟವು. ಬೇಸರ ನನಗೂ ಆಯಿತು. ಆದರೆ ಪಟ್ಟಿಯಲ್ಲಿ ನಾನು ಮೊದಲು ಹುಡುಕಿದ್ದು ವೇಟ್‌ಲಿಫ್ಟಿಂಗ್ ಉಳಿದಿದೆಯೇ ಎಂದು. ಉಳಿಸಿದ್ದಾರೆ. ನಮಗೆ ಏಷ್ಯನ್ ಕ್ರೀಡಾಕೂಟವಿದೆ, ವಿಶ್ವಕಪ್ಪುಗಳಿವೆ. ನೌರು, ಕಿರಿಬಾತಿಗಳಿಗೆ ಪದಕದ ಆಸೆ ಇಟ್ಟುಕೊಳ್ಳಬಹುದಾದ ವೇದಿಕೆಗಳು ತೀರಾ ಕಡಿಮೆ.