ಮೊಘಲರ ಚಿತ್ರಗಳಲ್ಲಿ ಯೇಸು, ಮರಿಯಮ್ಮ ಯಾಕಿದ್ದಾರೆ?

ಮುಸ್ಲಿಂ ದೊರೆಗಳು ಬೈಬಲ್ ಚಿತ್ರಗಳನ್ನು ಯಾಕೆ ಬರೆಸಿದರು, ಅಕ್ಬರ್ ಒಳಗೊಳಗೇ ಕ್ರೈಸ್ತನಾಗಿದ್ದನಾ ಅಂತ ಕೇಳಿದ್ದೀರಿ. ಇಲ್ಲ. ಪಾದ್ರಿಗಳು ಎಷ್ಟು ಆಸೆಪಟ್ಟರೂ ಅಕ್ಬರ್ ಮತ ಬದಲಿಸಲಿಲ್ಲ, ಜಹಾಂಗೀರನೂ ಬದಲಿಸಲಿಲ್ಲ. ಆದರೆ ಯೇಸು, ಮರಿಯಮ್ಮ ಅವರಿಗೆ ಹೊರಗಿನವರು ಅಂದುಕೊಂಡರೆ ಅಲ್ಲೇ ಲೆಕ್ಕ ತಪ್ಪುತ್ತದೆ. ಕುರಾನಿನ 19ನೇ ಅಧ್ಯಾಯದ ಹೆಸರೇ ಮರ್ಯಮ್. ಯೇಸು ಅಲ್ಲಿ ಈಸಾ, ಒಬ್ಬ ಪ್ರವಾದಿ. ಅಕ್ಬರನ ತಾಯಿಯ ಬಿರುದು ಮರ್ಯಮ್ ಮಕಾನಿ, ಜಹಾಂಗೀರನ ತಾಯಿಯದು ಮರ್ಯಮ್ ಉಜ್ ಜಮಾನಿ. ಹೆತ್ತ ತಾಯಿಗೇ ಆ ಹೆಸರು ಸಂದಿದ್ದ ಮನೆಯಲ್ಲಿ ಮರಿಯಮ್ಮನ ಚಿತ್ರಕ್ಕೆ ಗೌರವ ಸಿಗದೇ ಇರುತ್ತಾ?

ಚಿತ್ರಗಳು ಬಂದಿದ್ದು ಗೋವಾದಿಂದ. ಅಕ್ಬರನೇ ಕರೆಸಿಕೊಂಡ ಜೆಸ್ವಿಟ್ (ಒಂದು ಕ್ಯಾಥೊಲಿಕ್ ಸಂಘದ) ಪಾದ್ರಿಗಳು 1580ರಲ್ಲಿ ಫತೇಪುರ್ ಸಿಕ್ರಿ ತಲುಪಿದರು. ಯೂರೋಪಿನ ಆಂಟ್ವರ್ಪ್ ಪಟ್ಟಣದಲ್ಲಿ ಅಚ್ಚಾದ, ಹಲವು ಭಾಷೆಗಳ ಬೈಬಲ್ ಸಂಪುಟಗಳನ್ನು ಕಾಣಿಕೆಯಾಗಿ ಕೊಟ್ಟರು. ಅಕ್ಬರ್ ಅವಕ್ಕೆ ಮುತ್ತಿಟ್ಟು ತಲೆಯ ಮೇಲೆ ಇಟ್ಟುಕೊಂಡನಂತೆ.

ನನಗೆ ಜಾಸ್ತಿ ಇಷ್ಟವಾಗೋದು ಇದರಿಂದ ಚಿತ್ರಕಾರರಿಗೆ ಏನಾಯಿತು ಅನ್ನೋದು. ಅವರ ಕೈಗೆ ಬಂದಿದ್ದು ಹೆಚ್ಚಾಗಿ ತಾಮ್ರದ ತಗಡಿನಲ್ಲಿ ಕೆತ್ತಿ ಅಚ್ಚುಹಾಕಿದ, ಬಣ್ಣವೇ ಇಲ್ಲದ ಚಿತ್ರಗಳು. ಬರೀ ಗೆರೆಗಳಿಂದಲೇ ನೆರಳು, ಮೈಯ ಉಬ್ಬು, ಬಟ್ಟೆಯ ಮಡಿಕೆ ಎಲ್ಲಾ ಅದರಲ್ಲಿ ಮೂಡಿದ್ದವು. ಕೇಸು ದಾಸ್ ಅನ್ನೋ ಹಿಂದೂ ಚಿತ್ರಕಾರ ಅಂಥದ್ದೊಂದನ್ನು ಎದುರಿಗಿಟ್ಟುಕೊಂಡು ಯೇಸುವಿನ ಶಿಷ್ಯ ಸಂತ ಮತ್ತಾಯನನ್ನು ಬಣ್ಣದಲ್ಲಿ ಬರೆದ. 1600ರಲ್ಲಿ ಅಬುಲ್ ಹಸನ್ ಅನ್ನೋ ಹುಡುಗ, ವಯಸ್ಸು ಹದಿಮೂರರ ಆಸುಪಾಸು, ಜರ್ಮನಿಯ ಕಲಾವಿದ ಡ್ಯೂರರ್ ಕೆತ್ತಿದ ಶಿಲುಬೆಯ ಚಿತ್ರ ನೋಡಿ ಅದರಿಂದ ಯೇಸುವಿನ ಶಿಷ್ಯ ಯೋಹಾನನೊಬ್ಬನನ್ನೇ ಎತ್ತಿಕೊಂಡ. ಶಿಲುಬೆ ಇಲ್ಲ, ಯೇಸು ಇಲ್ಲ. ಕೈ ಹೆಣೆದುಕೊಂಡು ಸಂಕಟದಲ್ಲಿ ನಿಂತ ಯೋಹಾನ ಮಾತ್ರ. ಆ ಭಾರವಾದ ಬಟ್ಟೆಯ ಒಂದೊಂದು ಮಡಿಕೆಯನ್ನೂ ಹುಡುಗ ಕುಂಚದ ತುದಿಯಲ್ಲಿ ಹಿಡಿದಿದ್ದಾನೆ. ಇದನ್ನು ಸುಮ್ನೆ ನಕಲು ಅಂದರೆ ನಾನಂತೂ ಒಪ್ಪಲ್ಲ. ಇದೇ ಹುಡುಗ ಮುಂದೆ ಜಹಾಂಗೀರನಿಂದ ನಾದಿರ್ ಉಜ್ ಜಮಾನ್, ಅಂದರೆ ಕಾಲದ ಅಚ್ಚರಿ, ಅನ್ನೋ ಬಿರುದು ಪಡೆದ.

ಇಂಥ ಚಿತ್ರಗಳಿರುವ ಹಸ್ತಪ್ರತಿ ನೋಡಬೇಕು ಅಂದರೆ, ಮೊದಲು ನೋಡಬೇಕಾದ್ದು ಮಿರಾತ್ ಉಲ್ ಕುದ್ಸ್. ಪಾದ್ರಿ ಜೆರೋಮ್ ಶೇವಿಯರ್ ಲಾಹೋರಿನ ಅಬ್ದುಸ್ ಸತ್ತಾರ್ ಜೊತೆ ಕೂತು ಅಕ್ಬರನಿಗಾಗಿ ಪರ್ಶಿಯನ್ನಿನಲ್ಲಿ ಬರೆದ ಯೇಸುವಿನ ಕಥೆ ಅದು, 1602ರಲ್ಲಿ ಮುಗಿಯಿತು. ಆಗ ಅಲಹಾಬಾದಿನಲ್ಲಿದ್ದ ರಾಜಕುಮಾರ ಸಲೀಮ್, ಮುಂದೆ ಜಹಾಂಗೀರ್ ಆದವನು, ತನಗೂ ಒಂದು ಚಿತ್ರವಿರುವ ಪ್ರತಿ ಮಾಡಿಸಿಕೊಂಡ. ಅದು ಈಗ ಅಮೆರಿಕದ ಕ್ಲೀವ್‌ಲ್ಯಾಂಡ್ ಮ್ಯೂಸಿಯಂನಲ್ಲಿದೆ. ಚಿತ್ರಗಳು ಅವರ ವೆಬ್‌ಸೈಟಿನಲ್ಲೇ ಸಿಗುತ್ತವೆ, ದೊಡ್ಡದು ಮಾಡಿಕೊಂಡು ನೋಡಿ.

ಇನ್ನೊಂದು ವಿಷಯ. ಜಹಾಂಗೀರನ ಚಿತ್ರಗಳಲ್ಲಿ ಅವನ ತಲೆಯ ಹಿಂದೆ ದುಂಡಗಿನ ಬಂಗಾರದ ಪ್ರಭೆ ಇರುತ್ತದೆ, ಗಮನಿಸಿದ್ದೀರಾ? ಅದೂ ಯೂರೋಪಿನ ಸಂತರ ಚಿತ್ರಗಳಿಂದಲೇ ಬಂದಿದ್ದು.